ಕುಲಶೇಖರದ ಏರಿನಲ್ಲಿ ಪೂವಪ್ಪನ ಬಸ್ಸು

ಮೂವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಚಕ್ರ ಬದಲಿಸುವಾಗ ಜಾಕ್ ಜಾರಿ, ಪೂವಪ್ಪನ ಬಲಗಾಲು ಅವನದೇ ಬಸ್ಸಿನಡಿ ಸಿಕ್ಕಿತು. ಎಲುಬು ಕೂಡಿತು. ಪಾದ ಮಾತ್ರ ಒಳಕ್ಕೆ ತಿರುಗಿಕೊಂಡೇ ಉಳಿಯಿತು. ಕೊಡಿಯಾಲ್‌ಬೈಲಿನಿಂದ ವಾಮಂಜೂರಿಗೆ ಬಸ್ಸು ಬಿಡುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬ್ರೇಕು ತುಳಿಯುವುದು ಅದೇ ಕಾಲಿನಿಂದ. ಲೈಸೆನ್ಸು ಉಳಿಯುತ್ತದೋ ಇಲ್ಲವೋ ಎಂಬುದು ಬ್ರೇಕ್ ಇನ್‌ಸ್ಪೆಕ್ಟರರ ಕೈಯಲ್ಲಿತ್ತು.

ಪರೀಕ್ಷೆಯ ದಿನ ಅವರು ಬಸ್ಸು ಶೆಡ್ಡಿನ ಜನರನ್ನೆಲ್ಲ ಬಸ್ಸಿಗೆ ತುಂಬಿಸಿ, ತಾವು ಪೂವಪ್ಪನ ಪಕ್ಕದಲ್ಲಿ ಕೂತರು. ಕುಲಶೇಖರದ ಏರಿನ ನಡುವೆ ಹೇಳಿದರು: "ನಿಲ್ಲಿಸು. ಕೈಬ್ರೇಕು ಮುಟ್ಟಬೇಡ."

ಪೂವಪ್ಪ ತುಳಿದ. ಬಸ್ಸು ಕದಲದೆ ನಿಂತಿತು. ಪಾಸು.

ಸಂಜೆ ಅದೇ ಬಸ್ಸಿನ ಹಳೆಯ ಕಂಡಕ್ಟರ್ ಜೊಕಿಮ್ ಮನೆಗೆ ಬಂದು, ಪೂವಪ್ಪನ ಹೆಂಡತಿ ದೇಯಿ ಕೊಟ್ಟ ಬೆಲ್ಲದ ಚಹಾ ಕುಡಿಯುತ್ತ ನಕ್ಕ. "ಹಿಂದಿನ ಚಕ್ರಕ್ಕೆ ಮರದ ತುಂಡು ಇಟ್ಟಿದ್ದೆನಲ್ಲ, ನಿನಗೆಂತ ಹೆದರಿಕೆ?"

ಏರಿನಲ್ಲಿ ಬಸ್ಸು ನಿಂತರೆ ಕಂಡಕ್ಟರು ಹಾರಿ ಇಳಿದು ತುಂಡು ಇಡುವುದು ಆ ದಾರಿಯ ರೂಢಿ. ಜೊಕಿಮನಿಗೆ ಅದು ಪರೀಕ್ಷೆಯೆಂಬ ನೆನಪೇ ಆಗಿರಲಿಲ್ಲ.

"ಬಸ್ಸು ನಿಂತ ಮೇಲೆ ಇಟ್ಟಿರಾ ಪೊರ್ಬುಗಳೇ, ಮೊದಲಾ?" ಊರಲ್ಲಿ ಕ್ರಿಸ್ತಿಯನ್ನರನ್ನು ಕರೆಯುವ ಹಾಗೆಯೇ ಕರೆದು ಪೂವಪ್ಪ ಕೇಳಿದ.

"ನಿಂತಿತು, ಇಟ್ಟೆ. ಅಥವಾ ಇಟ್ಟೆ, ನಿಂತಿತು. ಯಾರಿಗೆ ನೆನಪುಂಟು ಮಾರಾಯ?"

ಪೂವಪ್ಪ ತನ್ನ ಪಾದವನ್ನೇ ನೋಡಿದ. "ಪಾಸಾದದ್ದು ಕಾಲೋ, ಮರದ ತುಂಡೋ?"

"ಎರಡೂ ಬಸ್ಸಿನಲ್ಲೇ ಉಂಟಲ್ಲ," ಎಂದಳು ದೇಯಿ.

ಇನ್‌ಸ್ಪೆಕ್ಟರರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಬೆನ್ನ ಹಿಂದೆ ಬಸ್ಸು ತುಂಬ ಜನ. ಕಾಲನ್ನು ಕೇಳೋಣವೆಂದರೆ, ಅದು ಒಂದು ದಿನ ಕಲ್ಲಿನಂತೆ ಗಟ್ಟಿ, ಮರುದಿನ ಒದ್ದೆ ಬಟ್ಟೆ.

ಮೊದಲ ಟ್ರಿಪ್ಪಿನಲ್ಲಿ ಅವನು ಏರಿನ ಬುಡದಲ್ಲೇ ಬಸ್ಸು ನಿಲ್ಲಿಸಿದ. "ಎಲ್ಲರೂ ಇಳಿದು ಮೇಲೆ ನಡೆಯಬೇಕು."

"ದುಡ್ಡು ಕೊಟ್ಟದ್ದು ನಡೆಯಲಿಕ್ಕಾ?" ಎಂದು ಬಾಳೆಕಾಯಿ ವ್ಯಾಪಾರಿ ಕಮರುದ್ದೀನ್ ತನ್ನ ಬಾಳೆಗೊನೆಗಳನ್ನು ಅಪ್ಪಿ ಕೂತ.

"ಗೊನೆ ಇರಲಿ ಬ್ಯಾರಿಗಳೇ, ನೀವು ಇಳಿಯಿರಿ."

ಏರಿನ ನಡುವೆ ಪೂವಪ್ಪ ಬ್ರೇಕು ತುಳಿದ. ಜೊಕಿಮ್ ತುಂಡು ಕೈಯಲ್ಲೇ ಹಿಡಿದು ನೋಡಿದ. ಬಸ್ಸು ನಿಂತಿತು.

"ಆಯಿತಲ್ಲ?"

"ಖಾಲಿ ಬಸ್ಸು ನಿಂತಿತು ಪೊರ್ಬುಗಳೇ."

ಜನ ತುಂಬಿಸಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಸ್ಟೇರಿಂಗು ಬಿಡುವ ಮನಸ್ಸೂ ಬರಲಿಲ್ಲ. ಹೋಗುವಾಗಲೂ ಬರುವಾಗಲೂ ಜನ ಇಳಿದು ನಡೆದರು. ಬೈದರು, ಆಮೇಲೆ ಹೇಳುವ ಮೊದಲೇ ಇಳಿಯತೊಡಗಿದರು.

ಒಂದು ದಿನ ಬ್ರೇಕ್ ಇನ್‌ಸ್ಪೆಕ್ಟರರೇ ಟಿಕೆಟು ತೆಗೆದು ಬಂದು ಕೂತರು. ಬುಡದಲ್ಲಿ ಎಲ್ಲರೂ ಇಳಿದರು, ಅವರು ಕೂತೇ ಇದ್ದರು.

"ನಾನೇ ಪಾಸು ಮಾಡಿದವನಲ್ಲವೋ ನೀನು?"

"ಹೌದು ಸ್ವಾಮಿ. ಆದರೆ ಆ ದಿನ ಹಿಂದಿನ ಚಕ್ರಕ್ಕೆ ಮರದ ತುಂಡಿತ್ತು." ಪೂವಪ್ಪ ಸ್ಟೇರಿಂಗಿನಿಂದ ಕೈ ತೆಗೆದ. "ನಿಲ್ಲಿಸಿದ್ದು ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ."

ಅವರು ಏರನ್ನು ನೋಡಿದರು. ಪೂವಪ್ಪನ ಪಾದ ನೋಡಿದರು. ಲೈಸೆನ್ಸು ಕೇಳುವವರಂತೆ ಕೈ ಚಾಚಿ, ಅದೇ ಕೈಯಿಂದ ಕಂಬಿ ಹಿಡಿದು ಮೆಲ್ಲನೆ ಇಳಿದರು. ಕಮರುದ್ದೀನನ ಹಿಂದೆ, ಕೊಡೆ ಊರುತ್ತ, ಏರು ಹತ್ತತೊಡಗಿದರು.