ಏಣಿಯ ಮೇಲೆ ಸಿಕ್ಕಿಬಿದ್ದ ದೊಡ್ಡಮ್ಮ

ತೋಟದ ಕೆಲಸ ಮಾಡಿಕೊಡುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ದೊಡ್ಡಮ್ಮನಾಗಿದ್ದದ್ದು ಒಬ್ಬಳಿಗೆ ಮಾತ್ರ, ಅಲ್ಲೇ ಕೆಲಸಕ್ಕಿದ್ದ ತಂಗಿಯ ಮಗಳಿಗೆ. ಆ ಹುಡುಗಿ ಕರೆದಳೆಂದು ಮೇಸ್ತ್ರಿ ಕರೆದ, ಹುಲ್ಲಿನ ಮೆಷಿನ್ ಓಡಿಸುವ ಮೀಸೆಯವನು ಕರೆದ, ಕೊನೆಗೆ ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನೂ ಕರೆದ. ಕರೆದರೆ ವಯಸ್ಸೇನು ಹೆಚ್ಚುವುದಿಲ್ಲವಲ್ಲ ಎಂದು ಅವಳೂ ಓಗೊಟ್ಟಳು.

ಮೇಸ್ತ್ರಿ, ಮೀಸೆಯವನು, ತಂಗಿಯ ಮಗಳು, ದೊಡ್ಡಮ್ಮ, ಹೀಗೆ ನಾಲ್ಕು ಜನ ಒಂದು ವ್ಯಾನಿನಲ್ಲಿ ದಿನಕ್ಕೆರಡು ಮನೆಯ ತೋಟ ಮಾಡುತ್ತಿದ್ದರು. ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಕಂಪನಿಯ ಯಜಮಾನರು ದೊಡ್ಡಮ್ಮನಿಗೆ ವಹಿಸಿದ್ದರು. ಓದು ಬರಹ ಅಷ್ಟಕ್ಕಷ್ಟೇ ಇದ್ದವಳಿಗೆ ಯಾಕೆ ಎಂದು ಯಾರೋ ಕೇಳಿದಾಗ ಅವರು, "ಈ ಕೆಲಸದಲ್ಲಿ ಎಷ್ಟು ಥರ ಪೆಟ್ಟಾಗಬಹುದೋ ಅಷ್ಟೂ ಥರ ಅವರಿಗೆ ಆಗಿದೆ. ಅವರಿಗಿಂತ ಅನುಭವಸ್ಥರು ಎಲ್ಲಿ ಸಿಗ್ತಾರೆ?" ಎಂದಿದ್ದರಂತೆ.

ಸುಳ್ಳಲ್ಲ. ಕಸ ಬಾಚುವ ಹಲ್ಲುಗೋಲನ್ನು ಹಲ್ಲು ಮೇಲೆ ಮಾಡಿ ಹುಲ್ಲಿನಲ್ಲಿ ಮಲಗಿಸಿದವಳೂ ಅವಳೇ, ಅರ್ಧ ಗಂಟೆಯ ಮೇಲೆ ಅದನ್ನೇ ತುಳಿದು ಹಿಡಿಯಿಂದ ಹಣೆಗೆ ಬಡಿಸಿಕೊಂಡವಳೂ ಅವಳೇ. ಬೂಟು ಕಾಲು ಕಚ್ಚುತ್ತದೆಂದು ಚಪ್ಪಲಿಯಲ್ಲಿ ಗುದ್ದಲಿ ಹಿಡಿದು ಹೆಬ್ಬೆರಳಿನ ಉಗುರು ಕಳೆದುಕೊಂಡಿದ್ದಳು. ಹುಳದ ಔಷಧಿ ಹೊಡೆದ ಕೈಯಲ್ಲೇ ಕಣ್ಣುಜ್ಜಿಕೊಂಡು ಎರಡು ದಿನ ಕಣ್ಣು ಊದಿಸಿಕೊಂಡು ಕಪ್ಪೆಯ ಹಾಗೆ ಕೂತಿದ್ದಳು. ಹೊಸಬರು ಕೆಲಸಕ್ಕೆ ಸೇರಿದಾಗ ಅವಳೇ ಹಣೆ, ಕಾಲು, ಕಣ್ಣು ತೋರಿಸಿ ಪಾಠ ಹೇಳುತ್ತಿದ್ದಳು. "ಒಂದೇ ತಪ್ಪನ್ನ ಎರಡು ಸಲ ಮಾಡಿಲ್ಲ ನೋಡಿ, ಅಷ್ಟು ಮಾನ ಉಳಿಸ್ಕೊಂಡಿದೀನಿ" ಎಂದು ಕೊನೆಗೆ ಸೇರಿಸುತ್ತಿದ್ದಳು.

ಬೆಳಿಗ್ಗೆ ವ್ಯಾನು ಹೊರಡುವ ಮೊದಲು ಒಬ್ಬೊಬ್ಬರನ್ನೇ ನಿಲ್ಲಿಸಿಕೊಂಡು ವಿಚಾರಿಸುವುದು ಅವಳ ಪದ್ಧತಿ. ರಾತ್ರಿ ನಿದ್ದೆ ಬಂತಾ? ತಿಂಡಿ ತಿಂದಿದೀಯಾ? ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ? ತಲೆ ಸುತ್ತುತ್ತಾ? ಉತ್ತರ ಸರಿಯಿಲ್ಲದಿದ್ದರೆ ಅವರಿಗೆ ಅವತ್ತು ಏಣಿಯೂ ಇಲ್ಲ, ಮೆಷಿನ್ನೂ ಇಲ್ಲ. ಪೊರಕೆ ಹಿಡಿದು ಎಲೆ ಗುಡಿಸಬೇಕು.

ಆ ದಿನ ಮೀಸೆಯವನ ಕಣ್ಣು ಕೆಂಪಗಿತ್ತು.

"ಏನಪ್ಪಾ, ಕಣ್ಣಲ್ಲೇ ದೀಪ ಹಚ್ಕೊಂಡು ಬಂದಿದೀಯ?"

"ಮಗು ಅಳ್ತಾನೇ ಇತ್ತು ದೊಡ್ಡಮ್ಮ. ಮೂರು ಗಂಟೆ ಮಲಗಿದೀನೋ ಇಲ್ಲವೋ."

"ಹಾಗಾದ್ರೆ ಇವತ್ತು ಪೊರಕೆ."

"ಅತ್ತಿದ್ದು ಅದು, ಪೊರಕೆ ನಂಗಾ? ಇದ್ಯಾವ ನ್ಯಾಯ?"

"ನಾಳೆ ಮಗೂನ ಕರ್ಕೊಂಡು ಬಾ, ಅದಕ್ಕೂ ಒಂದು ಪೊರಕೆ ಕೊಡ್ತೀನಿ. ನಡಿ."

ಎಲ್ಲರೂ ನಕ್ಕು ವ್ಯಾನು ಹತ್ತಿದರು. ದೊಡ್ಡಮ್ಮನೂ ನಕ್ಕಳು. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳುವ ಕೆಲಸ ಅವಳದೇ ಆದ್ದರಿಂದ ಅವಳನ್ನು ಕೇಳಬೇಕೆಂಬುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಕೇಳಿದ್ದರೆ ಮೂರನೇ ಪ್ರಶ್ನೆಗೂ ನಾಲ್ಕನೇ ಪ್ರಶ್ನೆಗೂ ಅವಳು ತಡವರಿಸಬೇಕಾಗುತ್ತಿತ್ತು. ರಕ್ತದೊತ್ತಡಕ್ಕೆ ಹೊಸ ಮಾತ್ರೆ ಶುರುವಾಗಿ ಮೂರು ವಾರವಾಗಿತ್ತು. ಕತ್ತು ಎತ್ತಿ ನೋಡಿದರೆ ಆಕಾಶ ಒಂದು ಸುತ್ತು ಹಾಕಿ ಬಂದು ನಿಲ್ಲುತ್ತಿತ್ತು. "ಮಾತ್ರೆ ಒಗ್ಗುವವರೆಗೆ ಎತ್ತರ ಹತ್ತಬೇಡಿ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಎತ್ತರ ಎಂದರೆ ಎಷ್ಟು ಎಂದು ಅವಳು ಹೇಳದೇ ಇದ್ದದ್ದರಿಂದ ದೊಡ್ಡಮ್ಮ ತಾನೇ ಲೆಕ್ಕ ಹಾಕಿಕೊಂಡಿದ್ದಳು. ಏಣಿಗೆ ಎಂಟು ಮೆಟ್ಟಿಲು. ಏಳು, ಎಂಟು ಎತ್ತರ. ಆರರವರೆಗೆ ನೆಲವೇ.

ಇಷ್ಟು ಮೊಂಡುತನಕ್ಕೆ ಕಾರಣ ಒಂದು ಬೇಲಿ. ಅವತ್ತು ಹೋಗಬೇಕಾಗಿದ್ದದ್ದು ಅಲ್ಲಿಗೇ. ಕೆಲಸದಿಂದ ನಿವೃತ್ತಳಾದ ಒಬ್ಬ ಟೀಚರಮ್ಮನ ಮನೆ, ಮಹಡಿಯಿಲ್ಲದ ಸಣ್ಣ ಮನೆ. ಅದರ ಸುತ್ತ ಎಂಟು ಅಡಿ ಎತ್ತರಕ್ಕೆ ದಟ್ಟವಾಗಿ ಬೆಳೆದ ಗಿಡದ ಬೇಲಿ. ಅದರ ತಲೆಯನ್ನು ಹತ್ತೊಂಬತ್ತು ವರ್ಷದಿಂದ ದೊಡ್ಡಮ್ಮ ಒಬ್ಬಳೇ ಕತ್ತರಿಸುತ್ತಿದ್ದಳು. ಈ ತುದಿಯಿಂದ ಆ ತುದಿಗೆ ದಾರ ಕಟ್ಟಿ, ಮೇಜಿನ ಹಲಗೆಯ ಹಾಗೆ ಸಮ ಮಾಡಿ ಇಳಿಯುತ್ತಿದ್ದಳು. ತಲೆಸುತ್ತಿನ ಮಾತೆತ್ತಿದರೆ ಅದು ಕೈತಪ್ಪುತ್ತದೆ. ಬೇರೆ ಯಾರಾದರೂ ಅದನ್ನು ಇಲಿ ಕಡಿದ ಹಾಗೆ ಮಾಡಿಡುತ್ತಾರೆ.

ಟೀಚರಮ್ಮನ ಮನೆಯಲ್ಲಿ ಎಲ್ಲವೂ ಕ್ರಮದಂತೆ ನಡೆಯಿತು. ರಾತ್ರಿ ನೀರು ಬಿಟ್ಟು ನೆಲ ಮೆತ್ತಗಾಗಿತ್ತು. ದೊಡ್ಡಮ್ಮ ಏಣಿಯ ಪ್ರತಿ ಕಾಲಿನ ಕೆಳಗೂ ಹಲಗೆ ಇಡಿಸಿದಳು, ಅಲುಗಾಡಿಸಿ ನೋಡಿದಳು, ಹೆಲ್ಮೆಟ್ಟು, ಕನ್ನಡಕ, ಗ್ಲೌಸು ಹಾಕಿಕೊಂಡಳು. ಬೇಲಿ ಕತ್ತರಿಸುವ ಮೆಷಿನ್ ಹಿಡಿದು ಏಣಿ ಹತ್ತಬಾರದು, ಬರಿಗೈಯಲ್ಲಿ ಹತ್ತಿ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಹಾಗೆಯೇ ಹತ್ತಿದಳು. ಐದನೇ ಮೆಟ್ಟಿಲಿನಲ್ಲಿ, ಅಂದರೆ ಅವಳ ಲೆಕ್ಕದಲ್ಲಿ ಇನ್ನೂ ನೆಲದ ಮೇಲೇ ಇದ್ದಾಗ, ದಾರ ಎಲ್ಲಿದೆ ಎಂದು ಕತ್ತೆತ್ತಿದಳು. ಬೇಲಿ, ಮನೆ, ನೀರಿನ ಟ್ಯಾಂಕು, ಆಕಾಶ ಎಲ್ಲವೂ ಒಟ್ಟಿಗೆ ತಿರುಗಲು ಹೊರಟವು. ಅವಳು ಏಣಿಯ ಅಡ್ಡಪಟ್ಟಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು.

"ಮೆಷಿನ್ ಕಟ್ಟಿದೀನಿ ದೊಡ್ಡಮ್ಮ, ಎಳ್ಕೋ" ಎಂದು ಕೆಳಗಿನಿಂದ ತಂಗಿಯ ಮಗಳು ಕೂಗಿದಳು.

ಎಳೆಯುವುದಿರಲಿ, ಬೆರಳು ಬಿಡಿಸಲೂ ಆಗಲಿಲ್ಲ. ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ.

"ಯಾಕೆ, ಏನಾಯ್ತು?"

ನಿಜ ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ. "ಶ್... ಇಲ್ಲೊಂದು ಗೂಡಿದೆ ಕಣೇ."

ಗೂಡು ಎಂದರೆ ಕೆಲಸ ನಿಲ್ಲಲೇಬೇಕು, ಅದು ಕಂಪನಿಯ ನಿಯಮ. ಎರಡು ನಿಮಿಷ ಸುಧಾರಿಸಿಕೊಂಡರೆ ತಲೆಸುತ್ತು ನಿಂತೀತು, ಆಮೇಲೆ ಗೂಡು ಖಾಲಿ ಎಂದರಾಯಿತು ಎಂದು ಅವಳು ಅಂದಾಜು ಮಾಡಿದ್ದಳು. ಆದರೆ ಎರಡು ನಿಮಿಷದಲ್ಲಿ ಮೇಸ್ತ್ರಿ ಬಂದ, ಅವನ ಹಿಂದೆಯೇ ಟೀಚರಮ್ಮ ಓಡಿಬಂದಳು.

"ಗೂಡಾ? ನಮ್ಮ ಬೇಲೀಲಾ? ಯಾವ ಹಕ್ಕಿದು?"

"ಸಣ್ಣದು" ಎಂದಳು ದೊಡ್ಡಮ್ಮ, ಕಣ್ಣು ಮುಚ್ಚಿಕೊಂಡೇ.

"ಮೊಟ್ಟೆ ಇದೆಯಾ?"

"ಎರಡು." ಎರಡು ತೀರಾ ಕಡಿಮೆಯಾಯಿತೇನೋ ಎನಿಸಿತು. "ಮೂರು."

"ಅಯ್ಯೋ ಪಾಪ! ಮೇಸ್ತ್ರಿ, ಇನ್ನೊಂದು ತಿಂಗಳು ಯಾರೂ ಈ ಬೇಲಿ ಮುಟ್ಟಕೂಡದು. ನಂಗೊಂದು ಫೋಟೋ ಬೇಕಲ್ಲ?"

ಐದನೇ ಮೆಟ್ಟಿಲಿನ ಮೇಲೆ ದೊಡ್ಡಮ್ಮನಿಗೆ ತನ್ನ ಮೇಲೆಯೇ ನಗು ಬಂತು. ಐವತ್ತೆಂಟು ವರ್ಷದ ಹೆಂಗಸು, ಬೇಲಿಗೆ ಅಂಟಿಕೊಂಡು, ಇಲ್ಲದ ಹಕ್ಕಿಗೆ ಒಂದೊಂದೇ ಮೊಟ್ಟೆ ಇಡಿಸುತ್ತಿದ್ದಾಳೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಮರಿಯನ್ನೂ ಮಾಡಿಸುತ್ತಾಳೆ.

"ನಾನು ತೆಗೀತೀನಿ ಬಿಡಿ ಮೇಡಂ ಫೋಟೋ" ಎಂಬ ಧ್ವನಿ ಬೇಲಿಯ ಆಚೆಯಿಂದ ಬಂತು. ಮೀಸೆಯವನದು. ಬೆಳಗಿನಿಂದ ಪೊರಕೆ ಹಿಡಿದು ಬೇಸತ್ತಿದ್ದನಲ್ಲ, ಇನ್ನೊಂದು ಏಣಿಯನ್ನು ಎಳೆದು ತರುವ ಸದ್ದು ಕೇಳಿಸಿತು. ದೊಡ್ಡಮ್ಮ ಕಷ್ಟಪಟ್ಟು ಒಂದು ಕಣ್ಣು ತೆರೆದಳು. ಎಲೆಗಳ ಸಂದಿಯಲ್ಲಿ ಕಂಡಿತು: ಏಣಿಯ ಕಾಲಿನ ಕೆಳಗೆ ಹಲಗೆ ಇಲ್ಲ, ಒದ್ದೆ ಮಣ್ಣು. ಹಿಡಿಯಲು ಯಾರೂ ಇಲ್ಲ. ಒಂದು ಕೈಯಲ್ಲಿ ಫೋನು. ಮೂರು ಗಂಟೆ ನಿದ್ದೆಯ ಕೆಂಪು ಕಣ್ಣು. ಅವನು ಎರಡನೇ ಮೆಟ್ಟಿಲಿಗೆ ಕಾಲಿಟ್ಟದ್ದೇ ಏಣಿಯ ಒಂದು ಕಾಲು ಮಣ್ಣಿನೊಳಗೆ ಇಳಿಯತೊಡಗಿತು.

"ಇಳಿಯೋ!" ಎಂದು ಅವಳು ಕಿರುಚಿದ ರಭಸಕ್ಕೆ ಟೀಚರಮ್ಮ ಬೆಚ್ಚಿಬಿದ್ದಳು. "ಇಳಿ ಕೆಳಗೆ! ಗೂಡೂ ಇಲ್ಲ, ಮೊಟ್ಟೆನೂ ಇಲ್ಲ. ನಂಗೇ ತಲೆ ತಿರುಗ್ತಿದೆ, ಇಳಿಯೋಕಾಗ್ತಿಲ್ಲ!"

ಮೀಸೆಯವನು ಹಿಂದಕ್ಕೆ ಜಿಗಿದ. ಏಣಿ ವಾಲಿ ಬೇಲಿಗೆ ಒರಗಿತು, ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಅವಳನ್ನು ಇಳಿಸಿದರು. ಮೇಸ್ತ್ರಿ ಏಣಿ ಹಿಡಿದ. ತಂಗಿಯ ಮಗಳು ಹಿಂದಿನಿಂದ ಹತ್ತಿ, ಅವಳ ಬೂಟುಗಳನ್ನು ಒಂದೊಂದಾಗಿ ಹಿಡಿದು ಮೆಟ್ಟಿಲಿನ ಮೇಲೆ ಇಡಿಸಿದಳು. ನೆಲ ಸಿಕ್ಕ ಮೇಲೂ ದೊಡ್ಡಮ್ಮ ಇನ್ನೊಂದು ಮೆಟ್ಟಿಲಿಗಾಗಿ ಕಾಲಾಡಿಸುತ್ತಲೇ ಇದ್ದಳು. ಮನೆಯ ಬಾಗಿಲ ಮುಂದಿನ ಮೆಟ್ಟಿಲ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟರು.

"ಎಷ್ಟು ದಿನದಿಂದ?" ಎಂದ ಮೇಸ್ತ್ರಿ.

"ಮೂರು ವಾರ."

"ಡಾಕ್ಟರು ಏನಂದ್ರು?"

ಹೇಳಿದಳು. ಆರನೇ ಮೆಟ್ಟಿಲಿನ ಲೆಕ್ಕವನ್ನೂ ಮುಚ್ಚಿಡದೆ ಹೇಳಿದಳು. ಮೇಸ್ತ್ರಿ ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಮ್ಮನ್ನೆಲ್ಲ ದಿನಾ ಕೋರ್ಟಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿ ಕೇಳ್ತೀರಲ್ಲ ದೊಡ್ಡಮ್ಮ..." ಎಂದು ಮೀಸೆಯವನು ಶುರುಮಾಡಿದ.

"ಕೇಳಪ್ಪಾ, ಇವತ್ತು ನಿನ್ನ ದಿನ. ಚೆನ್ನಾಗಿ ಬೈಯಿ. ಆದ್ರೆ ಹಲಗೆ ಇಡದೆ ಏಣಿ ಹತ್ತಿದ್ದಕ್ಕೆ ನಾಳೇನೂ ನಿಂಗೆ ಪೊರಕೆನೇ."

ಟೀಚರಮ್ಮ ಇನ್ನೂ ಬೇಲಿಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ಒಂದು ಮೊಟ್ಟೆನೂ ಇಲ್ವಾ?" ಎಂದಳು ಸಣ್ಣ ಮುಖ ಮಾಡಿಕೊಂಡು.

"ಡಾಕ್ಟರು ಸರಿ ಅನ್ನೋವರೆಗೂ ನಿಮಗೆ ಏಣಿ ಇಲ್ಲ" ಎಂದ ಮೇಸ್ತ್ರಿ. "ಇವತ್ತು ಬೇಲಿ ನಿಮ್ಮ ಹುಡುಗಿ ಮಾಡ್ಲಿ. ನೀವು ಏಣಿ ಹಿಡೀರಿ, ಕತ್ತು ಮಾತ್ರ ಎತ್ತಬೇಡಿ."

ಹೋಯಿತು. ಅವಳು ಹೆದರಿದ್ದೆಲ್ಲ ಒಂದೇ ಮಾತಿನಲ್ಲಿ ನಡೆದುಹೋಯಿತು. ತಂಗಿಯ ಮಗಳು ಹತ್ತಿ ಮೆಷಿನ್ ಎಳೆದುಕೊಂಡಳು. ದೊಡ್ಡಮ್ಮ ಎರಡೂ ಕೈಯಲ್ಲಿ ಏಣಿ ಹಿಡಿದು, ಒಂದು ಕಾಲನ್ನು ಹಲಗೆಗೆ ಒತ್ತಿ ನಿಂತಳು. ಕತ್ತರಿಸಿದ ಎಲೆಗಳು ಹೆಲ್ಮೆಟ್ಟಿನ ಮೇಲೆ ಉದುರುತ್ತಿದ್ದವು. ಹುಡುಗಿ ಎಲ್ಲಿ ಹಳ್ಳ ಮಾಡುತ್ತಾಳೋ, ಎಲ್ಲಿ ದಿಬ್ಬ ಬಿಡುತ್ತಾಳೋ ಎಂದು ಅವಳ ಜೀವ ಕುದಿಯುತ್ತಿತ್ತು. ತಡೆಯಲಾರದೆ ನಾಲ್ಕು ಹೆಜ್ಜೆ ಆಚೆಯ ಬೇಲಿಯತ್ತ, ಕತ್ತನ್ನು ಎತ್ತದೆ, ಕಣ್ಣನ್ನಷ್ಟೇ ಮೇಲೆ ಮಾಡಿ ನೋಡಿದಳು.

ಏನೂ ಕಾಣಲಿಲ್ಲ. ಬೇಲಿಯ ಮುಖ ಕಾಣುತ್ತಿತ್ತು, ಅಂಚು ಕಾಣುತ್ತಿತ್ತು. ಅಂಚಿನ ಆಚೆ ಹಲಗೆಯಂತಿದೆಯೋ ಗುಂಡಿ ಬಿದ್ದಿದೆಯೋ, ನೆಲದ ಮೇಲೆ ನಿಂತ ಯಾವ ಮನುಷ್ಯನಿಗೂ ತಿಳಿಯುವಂತಿರಲಿಲ್ಲ. ಮಹಡಿಯಿಲ್ಲದ ಮನೆ. ಟೀಚರಮ್ಮ ಒಂದು ದಿನವೂ ಅದನ್ನು ನೋಡಿರಲಾರಳು. ಹತ್ತೊಂಬತ್ತು ವರ್ಷ ದಾರ ಕಟ್ಟಿ, ಉಸಿರು ಬಿಗಿಹಿಡಿದು ಅವಳು ಸಮ ಮಾಡಿದ್ದು ಕಾಗೆಗಳಿಗೆ.

"ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಏಣಿಯನ್ನು ಹಿಡಿದುಕೊಂಡೇ ನಗತೊಡಗಿದಳು.

"ಅಲುಗಾಡಿಸ್ಬೇಡ ದೊಡ್ಡಮ್ಮ!" ಎಂದು ಮೇಲಿನಿಂದ ಹುಡುಗಿ ಗದರಿದಳು. ಮೆಷಿನ್ ನಿಲ್ಲಿಸಿ ಅಳುಕುತ್ತ ಕೇಳಿದಳು, "ಇಲ್ಲೀವರೆಗೆ ಸರಿ ಬಂದಿದೆಯಾ?"

"ನಂಗೆಲ್ಲಿ ಕಾಣತ್ತೆ ಕಣೇ ಇಲ್ಲಿಂದ" ಎಂದಳು ದೊಡ್ಡಮ್ಮ, ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ನೀನೇ ನೋಡಿ ಹೇಳು."