ಸಾಹೇಬರ ಮಜ್ಜಿಗೆ ಬಾಟಲಿ

ಹೋದ ವಾರ ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಪೇಂಟರ್ ತಿನ್ನರ್ ಡಬ್ಬದ ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆಗೆ ನಾನು ಇದ್ದಲ್ಲೇ ನಿಂತುಬಿಟ್ಟೆ. ಲ್ಯಾಬಿನಲ್ಲಿ ದೇಹದ ಚೂರುಗಳನ್ನು ಮೇಣಕ್ಕೆ ಹಾಕುವ ಮೊದಲು ಅದ್ದಿಡುತ್ತಿದ್ದ ಝೈಲಾಲ್ ದ್ರವದ ವಾಸನೆ ಹೀಗೇ ಇತ್ತು. ಅದರ ಹಿಂದೆಯೇ, ನಾನು ಕರೆಯದಿದ್ದರೂ, ನಮ್ಮ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಮೆರೂನ್ ಟೈ, ಕೈಯಲ್ಲಿ ಮಜ್ಜಿಗೆ ಬಾಟಲಿ...

ಅದು ಎಂಬತ್ತರ ದಶಕದ ಆರಂಭ. ಪೀಣ್ಯದ ಕಾರ್ಖಾನೆಗಳ ನಡುವೆ ಇದ್ದ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಸರ್ಜನ್ ಕಳಿಸಿದ ಚೂರನ್ನು ಕೂದಲಿಗಿಂತ ತೆಳುವಾಗಿ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ ಸಾಹೇಬರ ಮೇಜಿಗೆ ಇಡುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ ಕಾಯಿಲೆ ಏನೆಂದು ಬರೆಯುವುದು ಸಾಹೇಬರ ಕೆಲಸ. ಅವರು ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗೆ.

ಎಂಟು ಗಂಟೆಯ ಸೈರನ್ ಕೂಗುವಾಗ ನಾನು ಬೀಗ ತೆಗೆಯುತ್ತಿದ್ದೆ. ಮೊದಲ ಕೆಲಸ, ಫ್ರಿಜ್ಜಿನ ತಾಪಮಾನ ನೋಡಿ ಬರೆಯುವುದು. ಸಾಹೇಬರು ಬರುತ್ತಿದ್ದದ್ದು ಹತ್ತೂವರೆಗೆ. ಅವರ ಮೊದಲ ಕೆಲಸ, ಅದೇ ಫ್ರಿಜ್ಜಿನಲ್ಲಿ ಮಜ್ಜಿಗೆ ಇಡುವುದು. ಅದು ಹಳೆಯ ಸ್ಕ್ವಾಷ್ ಬಾಟಲಿ, ಎತ್ತರದ್ದು. ಓರೆಯಾಗಿ ಇಟ್ಟರೆ ಮಾತ್ರ ಹಿಡಿಸುತ್ತಿತ್ತು, ಇಟ್ಟರೆ ಬಾಗಿಲು ಒಂದು ಬೆರಳಿನಷ್ಟು ತೆರೆದೇ ಉಳಿಯುತ್ತಿತ್ತು. ನಾನು ತೆಗೆದು ಹೊರಗಿಡುತ್ತಿದ್ದೆ, ಅವರು ಮತ್ತೆ ಒಳಗಿಡುತ್ತಿದ್ದರು.

“ಸಾರ್, ಪರೀಕ್ಷೆಯ ಸೀರಮ್ ಎಲ್ಲಾ ಇದ್ರಲ್ಲೇ ಇದೆ, ತಂಪು ತಪ್ಪಿದ್ರೆ ಕೆಡುತ್ತೆ,” ಎಂದು ಒಮ್ಮೆ ಹೇಳಿದೆ.

“ನನ್ನ ಮಜ್ಜಿಗೆ ಏನು ಪಾಪ ಮಾಡಿದೆಯಮ್ಮಾ?” ಎಂದರು. ಸುತ್ತ ನಿಂತಿದ್ದವರೆಲ್ಲ ನಕ್ಕರು. ಮುಖ್ಯಸ್ಥರ ಜೋಕಿಗೆ ನಗುವುದೂ ನೌಕರಿಯ ಒಂದು ಭಾಗವೇ.

ಅವರು ಲಂಚ ಮುಟ್ಟಿದವರಲ್ಲ, ಅದನ್ನು ಹೇಳಬೇಕು. ಊರೆಲ್ಲ ಅದನ್ನೇ ದೊಡ್ಡ ಗುಣವೆಂದು ಹೊಗಳುತ್ತಿತ್ತು. ನನಗೆ ಹಾಗನ್ನಿಸಲಿಲ್ಲ. ಲಂಚ ತಿನ್ನುವವನಿಗೆ ತಾನು ಮಾಡುತ್ತಿರುವುದು ತಪ್ಪು ಎಂದಾದರೂ ಗೊತ್ತಿರುತ್ತದೆ. ನಮ್ಮ ಸಾಹೇಬರಿಗೆ ತಾವು ತಪ್ಪಬಹುದು ಎಂಬ ಯೋಚನೆಯೇ ಬರುತ್ತಿರಲಿಲ್ಲ.

ಒಂದು ಸಲ ಅವರು ಯಾವುದೋ ಸಮ್ಮೇಳನಕ್ಕೆ ಹೋಗಿ ಹೊಸದೊಂದು ಪರೀಕ್ಷೆಯ ಹುಚ್ಚು ಹಿಡಿಸಿಕೊಂಡು ಬಂದರು. ಮೂತ್ರಕೋಶದಲ್ಲಿ ಏಳುವ ಕ್ಯಾನ್ಸರ್ ಗಡ್ಡೆ ಕೆಲವರಲ್ಲಿ ವರ್ಷಗಟ್ಟಲೆ ಮೇಲ್ಪದರದಲ್ಲೇ ಉಳಿಯುತ್ತದೆ, ಕೆಲವರಲ್ಲಿ ಗೋಡೆ ಕೊರೆದು ಆಳಕ್ಕೆ ಇಳಿದು ಪ್ರಾಣ ತೆಗೆಯುತ್ತದೆ. ಯಾವುದು ಯಾವ ಜಾತಿಯದು ಎಂದು ಮೊದಲೇ ತಿಳಿಯಲು ಈ ಪರೀಕ್ಷೆ. ನಮ್ಮ ರಕ್ತದ ಗುಂಪಿನ ಗುರುತು ಮೂತ್ರಕೋಶದ ಒಳಪದರದ ಮೇಲೂ ಇರುತ್ತದೆ. ಗಡ್ಡೆ ಆ ಗುರುತನ್ನು ಉಳಿಸಿಕೊಂಡಿದ್ದರೆ ಸಾಧು, ಕಳೆದುಕೊಂಡಿದ್ದರೆ ಮುಂದೆ ಕೆಡುವ ಸಂಭವ ಹೆಚ್ಚು. ಸ್ಲೈಡಿನ ಮೇಲೆ ಆ ಗುರುತಿಗೆ ಅಂಟುವ ಸೀರಮ್ ಹಾಕಿ, ಆಮೇಲೆ ಅದೇ ಗುಂಪಿನ ಕೆಂಪು ರಕ್ತಕಣ ಹಾಕಿ, ಸ್ಲೈಡನ್ನು ಉಪ್ಪುನೀರಿನ ಮೇಲೆ ಬೋರಲು ಹಾಕಬೇಕು. ಗುರುತು ಇದ್ದಲ್ಲಿ ಕಣಗಳು ಅಂಟಿಕೊಂಡಿರುತ್ತವೆ, ಇಲ್ಲದ ಕಡೆ ಉದುರುತ್ತವೆ.

“ಇದು ಪರೀಕ್ಷೆ ಅಲ್ಲಮ್ಮಾ, ಗಡ್ಡೆಯ ಜಾತಕ,” ಎಂದು ಸಾಹೇಬರು ಟೈ ಸರಿಮಾಡಿಕೊಂಡರು.

ಜಾತಕಕ್ಕೆ ಒಂದು ಸಾಕ್ಷಿಯೂ ಇತ್ತು. ಅದೇ ಚೂರಿನಲ್ಲಿ ಇರುವ ರಕ್ತನಾಳದ ಗೋಡೆಗೆ ಕಣಗಳು ಅಂಟಲೇಬೇಕು, ಅಲ್ಲಿ ಗುರುತು ಯಾವಾಗಲೂ ಇರುತ್ತದೆ. ಅಲ್ಲೂ ಉದುರಿದರೆ ಕೆಟ್ಟಿರುವುದು ಗಡ್ಡೆಯಲ್ಲ, ಪರೀಕ್ಷೆ. ಇದನ್ನು ನಾನು ಸಾಹೇಬರೇ ತಂದ ಹಾಳೆಗಳಲ್ಲಿ ಓದಿ ತಿಳಿದುಕೊಂಡೆ. ಅವರು ಅಷ್ಟು ದೂರ ಓದಿರಲಿಲ್ಲವೆಂದು ಕಾಣುತ್ತದೆ.

ಆ ವರ್ಷ ಬಂದವನು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಕೆಲಸಗಾರ. ನಲವತ್ತು ದಾಟಿರಲಿಲ್ಲ. ಮೊಣಕೈವರೆಗೆ ಕೈ ಕೆಂಪು, ಎಷ್ಟು ತೊಳೆದರೂ ಹೋಗದ ಕೆಂಪು. ಮೂತ್ರದ ಸೀಸೆಯನ್ನು ತಾನೇ ತಂದು ನನ್ನ ಕಿಟಕಿಯಲ್ಲಿ ಇಟ್ಟ.

“ಒಂದ್ ತಿಂಗ್ಳಿಂದ ಕೆಂಪುಗೆ ಓಯ್ತಾ ಐತೆ ಮೇಡಂ. ಬಣ್ಣದ ತೊಟ್ಟಿ ತಾವ ಕೆಲ್ಸ ಅಲ್ವ, ಒಳಿಕ್ಕೂ ಬಣ್ಣ ಇಳಿದೈತೆ ಅಂದ್ಕಂಡು ಸುಮ್ಕಿದ್ದೆ,” ಎಂದು ನಕ್ಕ.

ಸರ್ಜನ್ ನಳಿಕೆ ಹಾಕಿ ನೋಡಿ, ಒಳಗಿದ್ದ ಸಣ್ಣ ಗಡ್ಡೆಯನ್ನು ಕೆರೆದು ತೆಗೆದು ನಮಗೆ ಕಳಿಸಿದರು. ಕ್ಯಾನ್ಸರೇ, ಆದರೆ ಮೇಲ್ಪದರದ್ದು. ಸರ್ಜನ್ ಕೇಳಿದ ಪ್ರಶ್ನೆ ಒಂದೇ: ಇದು ಮೇಲೇ ಉಳಿಯುತ್ತದೋ, ಇಳಿಯುತ್ತದೋ? ಉಳಿಯುವುದಾದರೆ ಮೂರು ತಿಂಗಳಿಗೊಮ್ಮೆ ನಳಿಕೆ ಹಾಕಿ ನೋಡಿದರೆ ಸಾಕು. ಇಳಿಯುವುದಾದರೆ ಮೂತ್ರಕೋಶವನ್ನೇ ತೆಗೆಯಬೇಕು, ಬದುಕಿರುವಷ್ಟು ದಿನ ಹೊಟ್ಟೆಯ ಮೇಲೆ ಮೂತ್ರದ ಚೀಲ.

ಆತನದು ಓ ಗುಂಪಿನ ರಕ್ತ. ಎ, ಬಿ ಗುಂಪಿನವರಿಗೆ ಮಾಮೂಲಿ ಸೀರಮ್ ನಡೆಯುತ್ತಿತ್ತು. ಓ ಗುಂಪಿಗೆ ಮಾತ್ರ ವಿದೇಶದ ಒಂದು ಮುಳ್ಳುಗಿಡದ ಬೀಜದ ಸಾರ ಬೇಕು. ಸಾಹೇಬರು ತಂದಿದ್ದ ಒಂದೇ ಒಂದು ಸೀಸೆ ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಕ್ಕ ಇತ್ತು. ಅದು ಬೇಸಿಗೆ, ಕರೆಂಟೂ ಕೈ ಕೊಡುತ್ತಿತ್ತು. ಫ್ರಿಜ್ಜಿನ ತಾಪಮಾನ ಏರುತ್ತಿದ್ದದ್ದನ್ನು ನಾನು ದಿನಾ ಬರೆದಿದ್ದೆ. ಯಾರೂ ಓದಿರಲಿಲ್ಲ.

ಪರೀಕ್ಷೆ ಮಾಡಿದೆ. ಗಡ್ಡೆಯ ಮೇಲೆ ಒಂದು ಕಣವೂ ನಿಲ್ಲಲಿಲ್ಲ. ರಕ್ತನಾಳದ ಗೋಡೆಯನ್ನು ಹುಡುಕಿ ನೋಡಿದೆ. ಅಲ್ಲೂ ಒಂದೂ ಇಲ್ಲ.

ಸಾಹೇಬರು ಕಣ್ಣಿಟ್ಟು ಒಂದು ನಿಮಿಷವೂ ಆಗಿರಲಿಲ್ಲ. “ಪೂರ್ತಿ ಕಳಕೊಂಡಿದೆ. ಕೆಟ್ಟ ಗಡ್ಡೆ.”

“ಸಾರ್, ರಕ್ತನಾಳಕ್ಕೂ ಅಂಟಿಲ್ಲ. ಸಾರ ಹಾಳಾಗಿರ್ಬೇಕು. ಹದಿನೈದು ದಿನ ಟೈಮ್ ಕೊಟ್ರೆ ಬೇರೆ ತರಿಸಿ ಇನ್ನೊಂದ್ಸಲ ಮಾಡ್ತೀನಿ.”

“ಹದಿನೈದು ದಿನವಾ? ಮುಂದಿನ ವಾರ ಡಾಕ್ಟರುಗಳ ಸಭೇಲಿ ಈ ಕೇಸ್ ಹೇಳ್ಬೇಕು ನಾನು.” ಆಮೇಲೆ ದನಿ ಇಳಿಸಿ, ಮಗುವಿಗೆ ಹೇಳುವಂತೆ ಹೇಳಿದರು. “ನೋಡಮ್ಮಾ, ನೀನು ಶಿಸ್ತಿನ ಹುಡುಗಿ. ಸ್ಲೈಡ್ ಮಾಡೋದು ನಿನ್ ಕೆಲ್ಸ, ನೋಡೋದು ನನ್ ಕೆಲ್ಸ. ಶಿಸ್ತು ಅಂದ್ರೆ ಅದೇ ಅಲ್ವಾ?”

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ರಿಜಿಸ್ಟರಿನಲ್ಲಿ ಟೆಕ್ನೀಷಿಯನ್ ಬರೆಯುವುದು ಪೆನ್ಸಿಲಿನಲ್ಲಿ, ಡಾಕ್ಟರು ಬರೆಯುವುದು ಇಂಕಿನಲ್ಲಿ. ಆ ದಿನ ಪೆನ್ಸಿಲಿನಲ್ಲಿ ಸ್ಪಷ್ಟವಾಗಿ ಬರೆದೆ: ‘ರಕ್ತನಾಳಕ್ಕೂ ಅಂಟಿಲ್ಲ. ಪರೀಕ್ಷೆ ವಿಫಲ. ಮತ್ತೆ ಮಾಡಬೇಕು.’ ಬೆಳಿಗ್ಗೆ ಎಂಟಕ್ಕೆ ಬಂದು ತೆಗೆದು ನೋಡಿದರೆ ಆ ಜಾಗ ಬಿಳಿಯಾಗಿತ್ತು, ಪುಟಗಳ ಸಂದಿಯಲ್ಲಿ ರಬ್ಬರಿನ ಪುಡಿ. ಪಕ್ಕದಲ್ಲಿ ಸಾಹೇಬರ ಮುತ್ತಿನಂಥ ಅಕ್ಷರದಲ್ಲಿ, ನೀಲಿ ಇಂಕಿನಲ್ಲಿ, ಗಡ್ಡೆಯ ಜಾತಕ.

ಆಪರೇಷನ್ ಆಯಿತು. ತೆಗೆದ ಮೂತ್ರಕೋಶ ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ನನ್ನ ಮೇಜಿಗೇ ಬಂತು. ಎಲ್ಲ ಭಾಗದಿಂದಲೂ ಚೂರು ತೆಗೆದೆ, ಬೇಕಾದದ್ದಕ್ಕಿಂತ ಹೆಚ್ಚೇ ತೆಗೆದೆ. ಎಲ್ಲಿಯೂ ಕ್ಯಾನ್ಸರ್ ಇರಲಿಲ್ಲ. ಕೆರೆದ ಜಾಗದ ಗಾಯ ಮಾಯುತ್ತಿತ್ತು, ಅಷ್ಟೇ.

ಸಾಹೇಬರು ಸ್ಲೈಡುಗಳನ್ನೆಲ್ಲ ನೋಡಿ ಕುರ್ಚಿಗೆ ಒರಗಿದರು. “ನೋಡಿದ್ಯಾ? ಇಳಿಯೋಕೆ ಮುಂಚೆ ಹಿಡಿದ್ಬಿಟ್ವಿ!” ಎಂದು ಹೇಳಿ ಮಜ್ಜಿಗೆ ಬಗ್ಗಿಸಿಕೊಂಡರು.

ಗಡ್ಡೆ ಸಿಕ್ಕಿದ್ದರೆ ಅವರು ಗೆದ್ದಂತೆ, ಸಿಗದಿದ್ದರೂ ಅವರು ಗೆದ್ದಂತೆ. ಬಿಟ್ಟಿದ್ದರೆ ಅದು ಮುಂದೆ ಇಳಿಯುತ್ತಿತ್ತೋ ಇಲ್ಲವೋ ನನಗೆ ತಿಳಿಯದು, ಅವರಿಗೂ ತಿಳಿದಿರಲಿಲ್ಲ. ತಿಳಿಯದು ಎಂದು ಬರೆಯಲು ಅವರ ಪೆನ್ನಿನಲ್ಲಿ ಇಂಕು ಇರಲಿಲ್ಲ.

ಎರಡು ತಿಂಗಳ ನಂತರ ಆತ ಕಿಟಕಿಗೆ ಬಂದ. ಕೈಯ ಕೆಂಪು ಮಾಸಿತ್ತು. ಚೀಲ ಕಟ್ಟಿಕೊಂಡು ತೊಟ್ಟಿಯ ಮೇಲೆ ಬಗ್ಗಲು ಆಗುವುದಿಲ್ಲವೆಂದು ಕಾರ್ಖಾನೆಯವರು ಕಳಿಸಿಬಿಟ್ಟಿದ್ದರು. ಸಡಿಲ ಶರ್ಟಿನ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತಿದ್ದ.

“ತೆಗುದ್ದ್ರಲ್ಲಿ ಏನೂ ಇರ್ನಿಲ್ಲ ಅಂತ ಕಾಗ್ದದಾಗೈತಂತೆ ಮೇಡಂ. ಅಂಗಾರೆ ಯಾಕ್ ತೆಗುದ್ರು?”

ನನ್ನ ಬಾಯಿಗೆ ಬಂದದ್ದು ಒಂದೇ ಮಾತು. “ಸಾಹೇಬ್ರನ್ನ ಕೇಳಪ್ಪ.”

ಕೇಳಿದ. ಬಾಗಿಲು ತೆರೆದಿತ್ತು, ನನಗೆ ಎಲ್ಲ ಕೇಳಿಸಿತು. “ಏನೂ ಇಲ್ಲ ಅಂದ್ರೆ ಖುಷಿ ಪಡಯ್ಯಾ! ಪ್ರಾಣ ಉಳೀತು ನಿಂದು,” ಎಂದರು ಸಾಹೇಬರು. ಆತ ಶರ್ಟಿನ ಮೇಲಿನ ಕೈ ತೆಗೆದು ಎರಡೂ ಕೈ ಜೋಡಿಸಿದ. ಕೈ ಎತ್ತಿದಾಗ ಶರ್ಟಿನಡಿಯ ಚೀಲ ಉಬ್ಬಿ ಕಂಡಿತು. ಸಾಹೇಬರು ಆ ನಮಸ್ಕಾರವನ್ನು ತಲೆಯಾಡಿಸಿ ಸ್ವೀಕರಿಸಿದರು. ನಾನು ಎಷ್ಟೋ ಅಸಹ್ಯಗಳನ್ನು ಕೈಯಲ್ಲಿ ಮುಟ್ಟಿದವಳು. ಅಷ್ಟು ಹೇಸಿಗೆ ಬೇರೆ ಯಾವುದಕ್ಕೂ ಆಗಿಲ್ಲ.

ಆತ ಮತ್ತೆ ಕಾಣಲಿಲ್ಲ... ಮಾಗಡಿ ಕಡೆ ಹೆಂಡತಿಯ ಊರಿಗೆ ಹೋದನೆಂದು ವಾರ್ಡಿನ ಆಯಾ ಹೇಳಿದಳು. ಸಾಹೇಬರು ಬಡ್ತಿ ಪಡೆದರು, ಹಾರ ಹಾಕಿಸಿಕೊಂಡು ನಿವೃತ್ತರಾದರು. ತೀರಿಕೊಂಡಾಗ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿ, “ಎಂಥಾ ಮನುಷ್ಯ ಕಣೇ, ಒಂದು ರೂಪಾಯಿ ಮುಟ್ಟಿದವರಲ್ಲ,” ಎಂದಳು. ನಾನು ಹೋಗಲಿಲ್ಲ.

ಗೇಟಿನ ಬಳಿ ಪೇಂಟರ್ ಬ್ರಷ್ ಎತ್ತಿದಾಗ ತಡೆದೆ. ಮೊದಲು ಹಿಂಬದಿಯಲ್ಲಿ ಅಂಗೈಯಷ್ಟು ಹಚ್ಚಿ ನೋಡು, ಒಣಗಿ ಹಿಡಿದರೆ ಮುಂದುವರಿಸು ಎಂದೆ.

“ಅಷ್ಟೊಂದ್ ಅನುಮಾನಾನಾ ಮೇಡಂ?” ಎಂದು ನಕ್ಕು ಹಚ್ಚಿದ. ಒಣಗುವವರೆಗೆ ಇಬ್ಬರೂ ಕಾದೆವು.

ಸಾಹೇಬರ ಬಗ್ಗೆ ನನ್ನ ತಿರಸ್ಕಾರ ಇಷ್ಟು ವರ್ಷದಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ಅಳಿಸಿದ ಆ ಪುಟವನ್ನು ಕಂಡ ಬೆಳಿಗ್ಗೆಗೂ ಆಪರೇಷನ್ನಿಗೂ ನಡುವೆ ನಾಲ್ಕು ದಿನ ಇದ್ದವು. ಸರ್ಜನ್ ಕೋಣೆ ನಮ್ಮದೇ ಕಾರಿಡಾರಿನ ಕೊನೆಯಲ್ಲಿತ್ತು, ಮೂವತ್ತು ಹೆಜ್ಜೆ. ನಾಲ್ಕೂ ದಿನ ಎಂಟು ಗಂಟೆಗೆ ಸರಿಯಾಗಿ ಬಂದು ಫ್ರಿಜ್ಜಿನ ತಾಪಮಾನ ಬರೆದೆ, ಪೆನ್ಸಿಲಿನಲ್ಲಿ. ಆ ಮೂವತ್ತು ಹೆಜ್ಜೆ ಮಾತ್ರ ನಡೆಯಲಿಲ್ಲ.