ಎಡಗೈಯ ಹೆಬ್ಬೆರಳು

ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ನಮ್ಮ ಸಿಪಾಯಿ ಕಡತದ ದಾರ ಕೊಯ್ಯಲು ಹೋಗಿ ಬೆರಳು ಕೊಯ್ದುಕೊಂಡ. ಪಕ್ಕದ ಮೇಜಿನವರು ಬಿಳಿ ಚಿಕಟಪಟ್ಟಿಯ ಸುರುಳಿ ತೆಗೆದು ಹಲ್ಲಿನಿಂದ ಹರಿದು ಅವನ ಗಾಯಕ್ಕೆ ಸುತ್ತಿದರು. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹನ್ನೂರಿನವಳು ನೆನಪಾದಳು.

ಅಕ್ಕಲಕೋಟೆಯ ಸಾಲೆಯಲ್ಲಿ ನಾವಿಬ್ಬರೂ ಬಾಸ್ಕೆಟ್‌ಬಾಲ್ ಆಡುತ್ತಿದ್ದೆವು. ಅವಳು ದಿನಾ ಹನ್ನೂರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ತಂದೆ ಕೂಲಿ. ಅವಳಿಗೆ ಆಟ ಯಾರೂ ಕಲಿಸಿರಲಿಲ್ಲ. ಚೆಂಡನ್ನು ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೊಡ ತಲೆಗೇರಿಸುವವರ ಹಾಗೆ ಮೇಲಕ್ಕೆತ್ತಿ ಬಿಡುತ್ತಿದ್ದಳು. ನೋಡಲು ಒಂದಿಷ್ಟೂ ಚೆಂದವಿರಲಿಲ್ಲ. ಆದರೆ ಚೆಂಡು ಬಲೆಯೊಳಗೆ ಬೀಳುತ್ತಿತ್ತು.

ನಮ್ಮ ಸರ್‌ಗೆ ಅದು ಸೇರಲಿಲ್ಲ. ಬಲಗೈ ಒಂದೇ ಚೆಂಡನ್ನು ದೂಡಬೇಕು, ಮೊಣಕೈ ಚೆಂಡಿನ ಕೆಳಗೆ ನೆಟ್ಟಗಿರಬೇಕು, ಎಡಗೈ ಬರೀ ಆಸರೆ, ಎಡಗೈಯ ಹೆಬ್ಬೆರಳು ದೂಡಲೇಬಾರದು. ಇದು ಅವರ ಪಾಠ. ಪಾಠ ತಪ್ಪಲ್ಲ, ಇಂದಿಗೂ ಎಲ್ಲ ಕಡೆ ಹಾಗೆಯೇ ಕಲಿಸುತ್ತಾರೆ. ಆದರೆ ಅವಳ ಹೆಬ್ಬೆರಳು ಕೇಳುತ್ತಿರಲಿಲ್ಲ. ಒಂದು ದಿನ ಸರ್ ಚಿಕಟಪಟ್ಟಿ ತಂದು ಅವಳ ಎಡಗೈಯ ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿಬಿಟ್ಟರು.

"ಬಾಲ್ ಅಂದ್ರ ಬೀಸೋಕಲ್ಲು ಅಂತ ತಿಳಿದಿಯೇನ? ಎರಡೂ ಕೈಲೆ ಯಾಕ ದಬ್ಬತಿ?" ಎನ್ನುತ್ತಿದ್ದರು. ಚೆಂಡು ತಪ್ಪಿದಾಗಲೆಲ್ಲ ಮೊಣಕೈಗೆ ಬೆತ್ತದ ತುದಿ ತಾಗುತ್ತಿತ್ತು. "ಪರತ್!" ಮತ್ತೆ ಹೊಡೆಯುವುದು, ಮತ್ತೆ ತಪ್ಪುವುದು. ನಾವು ಉಳಿದವರು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಬೆಳಿಗ್ಗೆ ಸರ್ ಬರುವ ಮೊದಲು ಅವಳು ಪಟ್ಟಿ ಬಿಚ್ಚಿ, ಕೆಂಪಾದ ಬೆರಳನ್ನು ಊದಿಕೊಂಡು, ತನ್ನ ಹಳೆಯ ರೀತಿಯಲ್ಲಿ ಹೊಡೆಯುತ್ತಿದ್ದಳು. ಚೆಂಡು ಹೆಕ್ಕಿ ಕೊಡುವವಳು ನಾನು. ಆ ಹೊತ್ತಿನಲ್ಲಿ ಅವಳು ತಪ್ಪಿದ್ದೇ ಕಡಿಮೆ. ಇದು ನನ್ನೊಬ್ಬಳಿಗೇ ಗೊತ್ತಿತ್ತು...

ಸೊಲ್ಲಾಪುರದಲ್ಲಿ ಜಿಲ್ಲೆಯ ಅಂತಿಮ ಪಂದ್ಯ. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಕುಳಿತಿದ್ದರು. ನಮ್ಮ ತಂಡದಿಂದ ಒಬ್ಬಳು ಹೋಗಬಹುದು ಎಂದು ಸರ್ ಮೊದಲೇ ಹೇಳಿದ್ದರು. ಹೊಡೆತ ಹೇಗೇ ಇರಲಿ, ಓಡುವುದರಲ್ಲಿ, ಚೆಂಡು ಕಸಿಯುವುದರಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ, ಆ ಒಬ್ಬಳು ಅವಳೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳನ್ನು ಬಿಟ್ಟರೆ ನಾನು. ಅವಳ ತಂದೆ ಮೊದಲ ಸಲ ಆಟ ನೋಡಲು ಬಂದಿದ್ದರು, ತೊಳೆದ ಬಿಳಿ ಟೊಪ್ಪಿಗೆ ಹಾಕಿಕೊಂಡು.

ಕೊನೆಯ ಕ್ಷಣಗಳು. ನಾವು ಒಂದು ಅಂಕ ಹಿಂದೆ. ಎದುರಾಳಿಗಳು ಅವಳನ್ನು ಕೆಡವಿದರು, ಗೆರೆಯ ಮೇಲೆ ನಿಂತು ಅಡ್ಡಿಯಿಲ್ಲದೆ ಹೊಡೆಯುವ, ಒಂದೊಂದು ಅಂಕದ ಎರಡು ಫ್ರೀ ಥ್ರೋ ಅವಳಿಗೆ ಸಿಕ್ಕವು. ಅಷ್ಟರಲ್ಲಿ ಎದುರು ತಂಡದವರು ಟೈಮ್ ಔಟ್ ಕೇಳಿದರು. ಅವಳು ನೀರು ಕುಡಿಯುವ ನೆಪದಲ್ಲಿ ನನ್ನ ಹತ್ತಿರ ಬಂದು ಬಗ್ಗಿದಳು.

"ಹಳೀ ಥರಾನ ಹೊಡೀಲೇನ? ನೀ ನೋಡೀದಿ, ಬೀಳತದ. ಹೇಳು."

ನಾನು ಅವಳ ಮುಖ ನೋಡಲಿಲ್ಲ. ಆರಿಸುವವರು ಕುಳಿತ ಕುರ್ಚಿಗಳನ್ನು ನೋಡಿದೆ.

"ಬ್ಯಾಡ," ಅಂದೆ. "ಸರ್ ಹೇಳಿದಂಗ ಹೊಡಿ."

ಅವಳು ತಲೆಯಾಡಿಸಿ ಹೋದಳು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಹೋಯಿತು. ಎರಡನೆಯದು ರಿಂಗನ್ನೂ ಮುಟ್ಟಲಿಲ್ಲ.

ಪಂದ್ಯ ಮುಗಿದರೂ ಸರ್ ಅವಳನ್ನು ಗೆರೆಯ ಮೇಲಿಂದ ಕದಲಲು ಬಿಡಲಿಲ್ಲ. "ಹತ್ತು ಹಾಕು, ಆಮ್ಯಾಲೆ ಬಸ್ ಹತ್ತು." ಚೆಂಡು ಹೆಕ್ಕಿ ಕೊಡಲು ನನ್ನನ್ನು ನಿಲ್ಲಿಸಿದರು. ಗೆದ್ದ ತಂಡದ ಹುಡುಗಿಯರು ಬಾಳೆಹಣ್ಣು ತಿನ್ನುತ್ತ ಸುತ್ತ ನಿಂತರು, ನಕ್ಕರು. ಅವಳು ಹೊಡೆದಳು, ತಪ್ಪಿದಳು. ಮೂರೋ ನಾಲ್ಕೋ ಬಿದ್ದವು. ಆಮೇಲೆ ಚೆಂಡು ರಿಂಗಿನವರೆಗೂ ಹೋಗದಾಯಿತು. ಹಳೆಯ ರೀತಿಯಲ್ಲಿ ಹೊಡೆದುಬಿಡು ಎಂದು ಅಷ್ಟೊತ್ತಿಗಾದರೂ ಹೇಳಬಹುದಿತ್ತು. ನಾನು ಚೆಂಡನ್ನು ಮತ್ತೆ ಮತ್ತೆ ಅವಳ ಕೈಗೆ ಎಸೆಯುತ್ತಲೇ ಇದ್ದೆ...

ಕೊನೆಗೆ ಅವಳ ತಂದೆ ಒಳಗೆ ಬಂದರು, ಚಪ್ಪಲಿ ಕೈಯಲ್ಲಿ ಹಿಡಿದು.

"ಸಾಕ್ರಿ, ಸರ್. ಹುಡುಗಿಗೆ ದಣಿವಾಗ್ಯಾದ."

"ಇಕಿ ಕೈಯಾಗ ಏನೂ ಇಲ್ರೀ," ಸರ್ ಎಲ್ಲರಿಗೂ ಕೇಳುವಂತೆ ಹೇಳಿದರು. "ಸುಮ್ನ ಬಸ್ಸಿಗೆ ರೊಕ್ಕ ಯಾಕ ಸುರೀತೀರಿ? ಮನ್ಯಾಗ ರೊಟ್ಟಿ ಬಡೀಲಿಕ್ಕ ಹಚ್ಚರಿ."

ತಂದೆ ಮಗಳ ಕೈಯಿಂದ ಚೆಂಡು ತೆಗೆದು ಕೆಳಗಿಟ್ಟರು. ಅವಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅವಳು ಅವರ ಹಿಂದೆ ನಡೆದಳು. ಮತ್ತೆ ಆಟಕ್ಕೂ ಬರಲಿಲ್ಲ, ಸಾಲೆಗೂ ಬರಲಿಲ್ಲ. ಆರಿಸುವವರಿಗೆ ಸರ್ ನನ್ನ ಹೆಸರು ಕೊಟ್ಟರು, ನಾನು ರಾಜ್ಯ ತಂಡದಲ್ಲಿ ಆಡಿದೆ. ಅದರ ಪ್ರಮಾಣಪತ್ರದ ಮೇಲೆ, ಕ್ರೀಡಾ ಕೋಟಾದಲ್ಲಿ, ನನಗೆ ಈ ಸರ್ಕಾರಿ ನೌಕರಿ ಸಿಕ್ಕಿತು.

ಮೂರು ವರ್ಷದ ಹಿಂದೆ ಅವಳು ನನ್ನ ಕೌಂಟರಿಗೇ ಬಂದಳು, ಮಗಳ ದಾಖಲೆಗಾಗಿ. ನಾನು ಗುರುತಿಸಲಿಲ್ಲ. ಅವಳೇ ಗುರುತಿಸಿ, ಸಾಲಿನಲ್ಲಿ ನಿಂತವರ ಕಡೆ ತಿರುಗಿ, "ನಾವಿಬ್ಬರೂ ಕೂಡಿ ಆಡ್ತಿದ್ವಿ ನೋಡ್ರಿ!" ಎಂದಳು. ಆಮೇಲೆ ದನಿ ತಗ್ಗಿಸಿ, "ಅವತ್ತ ನೀ ಒಬ್ಬಾಕಿನ ನನಗ ಖರೇ ಹೇಳಿದ್ದಿ. ಸರ್ ಹೇಳಿದಂಗ ಹೊಡಿ ಅಂತ. ನನಗ ಜಮಸಲಿಲ್ಲ, ಏನ್ ಮಾಡ್ಲಿ," ಅಂದಳು.

ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳಿಬಿಡಬೇಕು ಎನಿಸಿತು. ನಾನು ಶಿಕ್ಕಾ ಒತ್ತಿ ಕಾಗದ ಅವಳ ಕಡೆ ಸರಿಸಿದೆ.

"ಮುಂದಿನವರು ಬರ್ರಿ," ಅಂದೆ.

ಹೋದ ತಿಂಗಳು ಅವಳ ಗಂಡ ಬಂದ. ರೇಶನ್ ಕಾರ್ಡಿನಿಂದ ಅವಳ ಹೆಸರು ತೆಗೆಸಬೇಕಿತ್ತು. ಕಾಮಾಲೆಯಾಗಿತ್ತಂತೆ, ಸೊಲ್ಲಾಪುರದ ದವಾಖಾನೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತಂತೆ. ನಾನು ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಅವನು ಹೋಗದೆ ನಿಂತೇ ಇದ್ದ.

"ಅಕ್ಕಾರ, ಒಂದು ಕೇಳ್ಲೇನ್ರಿ? ನಿಮ್ಮ ಕೂಡ ಆಡ್ತಿದ್ದೆ ಅಂತಿದ್ಲು. ಆಕಿ ಖರೇನ ಆಡ್ತಿದ್ಲೇನ್ರಿ? ಭಾಳ ಹೇಳ್ತಿದ್ಲು. ನಾವ್ಯಾರೂ ನಂಬಲಿಲ್ಲ."

"ನನಗಿಂತ ಚಲೋ ಆಡ್ತಿದ್ಲು," ಅಂದೆ. "ನನ್ನ ನೌಕರಿ ಅಕೀದು."

ಅವನು ನಕ್ಕು ಕೈ ಮುಗಿದ. "ನೀವು ದೊಡ್ಡ ಮನಸಿನವರು, ಹಂಗ ಅಂತೀರಿ," ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ.